ಕೊರಿಯಾಕ್ಕೆ ಹೊರಟಿದ್ದೇವೆ, ಹೋಗಿ ಬಂದವರು ಇದ್ದದ್ದು ಇದ್ದ ಹಾಗೆ ಹೇಳಿ

ಮೈಸೂರಿನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್‌ನಲ್ಲಿ ಒಂದು ವಾರದ ಮಟ್ಟಿಗೆ ದಕ್ಷಿಣ ಕೊರಿಯಾಕ್ಕೆ ಹೊರಟಿದ್ದೇವೆ. ನಾನು, ನನ್ನ ಅಮ್ಮ, ನನ್ನ ಮಗಳು. ಇದೆಲ್ಲ ಮಗಳ ಹಠ. ಪಿಯುಸಿ ಮುಗಿಸು, ಕರೆದುಕೊಂಡು ಹೋಗುತ್ತೇನೆ ಅಂತ ಯಾವತ್ತೋ ಬಾಯಿ ತಪ್ಪಿ ಹೇಳಿದ್ದೆ, ಅವಳು ಮರೆಯಲಿಲ್ಲ. ಅಲ್ಲಿಯ ಸೀರಿಯಲ್ ನೋಡಿ ನೋಡಿ ಅರ್ಧ ಭಾಷೆ ಕಲಿತಿದ್ದಾಳೆ, ಕೋಳಿ ಮೊಟ್ಟೆ ಎಲ್ಲ ತಿನ್ನುತ್ತಾಳೆ, ಅವಳ ಚಿಂತೆ ನನಗಿಲ್ಲ. ಅಮ್ಮ ಪಕ್ಕಾ ಸಸ್ಯಾಹಾರಿ. ಏಕಾದಶಿಗೆ ಉಪವಾಸ, ಉಳಿದ ದಿನ ಈರುಳ್ಳಿ ಬೆಳ್ಳುಳ್ಳಿ ಕಂಡರೆ ಮುಖ ಸಿಂಡರಿಸುತ್ತಾರೆ, ಮೇಲಾಗಿ ಮಂಡಿನೋವು. ಟೂರ್‌ನವರ ಜೊತೆ ಬೇಡ, ನಾವೇ ಹೋಗೋಣ ಅಂತ ತೀರ್ಮಾನವಾಗಿದೆ. ಊಟಕ್ಕೆ ಏನು ಮಾಡಿದಿರಿ, ಏನು ನೋಡಬೇಕು, ಏನು ಬಿಟ್ಟರೂ ನಷ್ಟವಿಲ್ಲ, ಅಲ್ಲಿಯ ಜನರ ಜೊತೆ ಹೇಗಿರಬೇಕು, ಸ್ವಲ್ಪ ಹೇಳಿ. ಫೋಟೋ ಚೆನ್ನಾಗಿ ಬರುವ ಜಾಗಗಳ ಪಟ್ಟಿ ಮಗಳ ಹತ್ತಿರ ಆಗಲೇ ಉದ್ದಕ್ಕೆ ಇದೆ, ಅದೊಂದು ಬೇಡ.

ಬಸವನಗುಡಿ, ಬೆಂಗಳೂರು:

ಮೊದಲು ಊಟ. ನಮ್ಮಂಥವರಿಗೆ ಆ ದೇಶದಲ್ಲಿ ಉಳಿದದ್ದೆಲ್ಲ ಆಮೇಲೆ. ಕೊರಿಯಾದಲ್ಲಿ ತರಕಾರಿಗೆ ಬರವೇ ಇಲ್ಲ. ಯಾವ ಹೋಟೆಲಿಗೆ ಹೋಗಿ ಕೂತರೂ ಊಟಕ್ಕೆ ಮೊದಲೇ ಪುಟ್ಟ ಪುಟ್ಟ ಬಟ್ಟಲಲ್ಲಿ ಸೊಪ್ಪು, ಮೂಲಂಗಿ, ಮೊಳಕೆಕಾಳು, ಸೌತೆಕಾಯಿ ತಂದು ಸಾಲಾಗಿ ಇಡುತ್ತಾರೆ. ಇದಕ್ಕೆ ಬಾಂಚಾನ್ ಅಂತಾರೆ, ಖಾಲಿಯಾದರೆ ಮತ್ತೆ ಹಾಕುತ್ತಾರೆ, ದುಡ್ಡಿಲ್ಲ. ನೋಡಿದ ಕೂಡಲೇ, ಅಯ್ಯೋ ಸುಮ್ನೆ ಹೆದರಿದ್ದೆವಲ್ಲ ಅನ್ನಿಸುತ್ತದೆ. ಸಮಸ್ಯೆ ಇರುವುದು ಆ ತರಕಾರಿಯ ಒಳಗೆ. ಕಿಮ್ಚಿ ಅನ್ನುವ ಅವರ ಎಲೆಕೋಸಿನ ಉಪ್ಪಿನಕಾಯಿಗೆ ಉಪ್ಪಲ್ಲಿ ಕೊಳೆಸಿದ ಸಣ್ಣ ಸೀಗಡಿಯೋ ಮೀನಿನ ರಸವೋ ಬಿದ್ದಿರುತ್ತದೆ. ಸಾರಿಗೆ ಒಣಮೀನು ಹಾಕಿ ಕುದಿಸಿ, ಸಾರ ಇಳಿದ ಮೇಲೆ ಮೀನನ್ನು ತೆಗೆದು ಬಿಸಾಕಿರುತ್ತಾರೆ, ಹಾಗಾಗಿ ಚಮಚದಲ್ಲಿ ಎಷ್ಟು ಕೆದಕಿದರೂ ಸಾಕ್ಷಿ ಸಿಗುವುದಿಲ್ಲ. ಮಾಂಸ ಬೇಡ ಅಂದರೆ ಬಹಳ ಶ್ರದ್ಧೆಯಿಂದ ಮಾಂಸದ ತುಂಡು ಮಾತ್ರ ಆರಿಸಿ ತೆಗೆದು, ಉಳಿದದ್ದನ್ನು ನಗುನಗುತ್ತಾ ತಂದಿಡುತ್ತಾರೆ. ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. ಹಂದಿಮಾಂಸದ ಹ್ಯಾಮ್ ಕೂಡ ಎಷ್ಟೋ ಸಲ ಮಾಂಸವಲ್ಲ.

ಆದ್ದರಿಂದ ಬಾಯಲ್ಲಿ ಹೇಳುವುದು ಬಿಟ್ಟು, ಮಗಳ ಕೈಲಿ ಕೊರಿಯನ್‌ನಲ್ಲಿ ಒಂದು ಚೀಟಿ ಬರೆಸಿ. ಮಾಂಸ, ಮೀನು, ಸೀಗಡಿ, ಹ್ಯಾಮ್, ಒಣಮೀನಿನ ಸಾರು, ಮೀನಿನ ರಸ, ಒಂದೊಂದನ್ನೂ ಹೆಸರು ಹಿಡಿದು ಬರೆಯಬೇಕು. ರಾಜಧಾನಿ ಸೋಲ್‌ನ ಒಂದು ಗಲ್ಲಿ ಹೋಟೆಲಿನಲ್ಲಿ ನನ್ನ ಚೀಟಿ ತೋರಿಸಿದೆ. ಅಲ್ಲಿದ್ದ ಅಜ್ಜಿ ಕನ್ನಡಕ ಹುಡುಕಿ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿ, ಒಳಗೆ ಹೋಗಿ ಗಂಡನಿಗೆ ಓದಿ ಹೇಳಿ, ಇಬ್ಬರೂ ಬಾಗಿಲ ಸಂದಿಯಿಂದ ನನ್ನನ್ನು ಒಮ್ಮೆ ನೋಡಿ, ಆಮೇಲೆ ಹೊರಗೆ ಬಂದು ನನ್ನ ರಟ್ಟೆ ಹಿಡಿದು ಅಮುಕಿ, ಕಡೆಗೆ ಅನ್ನ, ಸೊಪ್ಪು, ಅದರ ಮೇಲೆ ಎರಡು ಮೊಟ್ಟೆ ಒಡೆದು ಹುರಿದು ತಂದರು. ಮೊಟ್ಟೆಯ ಹೆಸರು ಚೀಟಿಯಲ್ಲಿ ಇರಲಿಲ್ಲ, ನಾನು ತಿನ್ನುತ್ತೇನೆ, ತಿಂದೆ. ನಿಮ್ಮ ತಾಯಿಯವರ ಚೀಟಿಗೆ ಅದನ್ನೂ ಸೇರಿಸಿ.

ಬಿಬಿಂಬಾಪ್ ಎಲ್ಲ ಕಡೆ ಸಿಗುತ್ತದೆ: ಬಿಸಿ ಅನ್ನ, ಸುತ್ತ ಬೇರೆ ಬೇರೆ ಸೊಪ್ಪು ತರಕಾರಿ, ಗೋಚುಜಾಂಗ್ ಅನ್ನುವ ಕೆಂಪು ಖಾರ, ಎಲ್ಲ ಕಲೆಸಿ ತಿನ್ನುವುದು. ಸೋಲ್‌ನಲ್ಲಿ ಅದಕ್ಕೆ ಹತ್ತು ಸಾವಿರ ವೊನ್ ಆಸುಪಾಸು, ಅಂದರೆ ನಮ್ಮ ಆರುನೂರು ರೂಪಾಯಿಯ ಹತ್ತಿರ ಹತ್ತಿರ. ನನಗೆ ತುಂಬಾ ಹಿಡಿಸಿದ್ದು ಗ್ವಾಂಗ್‌ಜಾಂಗ್ ಮಾರ್ಕೆಟ್. 1905ರಿಂದ ಇರುವ ಪೇಟೆ. ಅಲ್ಲಿ ನೆನೆಸಿದ ಹೆಸರುಬೇಳೆಯನ್ನು ಅಂಗಡಿಯ ಮುಂದೆಯೇ ಕಲ್ಲಲ್ಲಿ ಬೀಸುತ್ತಿರುತ್ತಾರೆ, ಕಲ್ಲಿನ ಅಂಚಿಂದ ಹಿಟ್ಟು ನಿಧಾನ ಇಳಿದು ಕೆಳಗಿನ ಪಾತ್ರೆಗೆ ಬೀಳುತ್ತದೆ, ಅದಕ್ಕೆ ಮೊಳಕೆಕಾಳು ಸೇರಿಸಿ ಕಾವಲಿಯ ಮೇಲೆ ದಪ್ಪಕ್ಕೆ ಹುಯ್ದು ಎಣ್ಣೆಯಲ್ಲಿ ಮುಳುಗುವ ಹಾಗೆ ಬೇಯಿಸುತ್ತಾರೆ. ಬಿಂದೇತೊಕ್ ಅಂತ ಹೆಸರು. ನಮ್ಮ ಹೆಸರುಬೇಳೆ ದೋಸೆ ಜಿಮ್‌ಗೆ ಹೋಗಿ ಬಂದರೆ ಹೀಗಿರುತ್ತದೆ. ಹಂದಿಮಾಂಸ ಸೇರಿಸಿದ್ದೂ ಇರುತ್ತದೆ, ಕೇಳಿಯೇ ತಗೊಳ್ಳಿ. ರಸ್ತೆ ಬದಿಯ ಹೊತ್ತೋಕ್ ಅನ್ನುವ ಸಿಹಿ ರೊಟ್ಟಿ ಕೂಡ ಒಳ್ಳೆಯದು, ಒಳಗೆ ಬೆಲ್ಲದಂಥ ಸಕ್ಕರೆ ಪಾಕ, ಬೀಜಗಳು. ಮೊದಲ ಕಚ್ಚಿಗೆ ಪಾಕ ಗಲ್ಲದ ಮೇಲೆ ಇಳಿಯುತ್ತದೆ, ಸುಡುತ್ತದೆ, ಆಮೇಲೂ ತಿನ್ನುತ್ತೀರಿ.

ಊಟದ ಮೇಜಿನ ವಿಷಯ ಒಂದೆರಡು. ಚಾಪ್‌ಸ್ಟಿಕ್ ಸ್ಟೀಲಿನದು, ಚಪ್ಪಟೆ, ಜಾರುತ್ತದೆ. ಅನ್ನ ತಿನ್ನಲು ಅವರೂ ಚಮಚವನ್ನೇ ಬಳಸುತ್ತಾರೆ, ಹಾಗಾಗಿ ಮರ್ಯಾದೆ ಉಳಿಯುತ್ತದೆ. ಚಮಚ ಎಲ್ಲಿ ಅಂತ ಸುತ್ತ ನೋಡಬೇಡಿ, ಮೇಜಿನ ಪಕ್ಕದಲ್ಲಿ ಡ್ರಾಯರ್ ಇರುತ್ತದೆ, ಅದರೊಳಗಿದೆ. ಕರೆಯಲು ಗುಂಡಿ ಇರುತ್ತದೆ, ಒತ್ತಿದರೆ ಓಡಿ ಬರುತ್ತಾರೆ. ಟಿಪ್ಸ್ ಕೊಡುವ ಪದ್ಧತಿಯಿಲ್ಲ. ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಬಿಡಬೇಡಿ, ಅದು ಸತ್ತವರಿಗೆ ಎಡೆ ಇಡುವ ರೀತಿ.

ಇನ್ನು ಅರಮನೆ. ಗ್ಯೋಂಗ್‌ಬೊಕ್‌ಗುಂಗ್ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಮಗಳು ಬಿಡುವುದಿಲ್ಲ. 1395ರಲ್ಲಿ ಕಟ್ಟಿದ್ದು. 1592ರಲ್ಲಿ ಜಪಾನಿನ ದಾಳಿಯ ಕಾಲಕ್ಕೆ ಸುಟ್ಟುಹೋಯಿತು, ಇನ್ನೂರೈವತ್ತು ವರ್ಷಕ್ಕೂ ಜಾಸ್ತಿ ಹಾಳುಬಿದ್ದಿತ್ತು, 19ನೇ ಶತಮಾನದಲ್ಲಿ ಮತ್ತೆ ಕಟ್ಟಿದರು, ಜಪಾನಿಯರ ಆಳ್ವಿಕೆಯಲ್ಲಿ ಬಹುಪಾಲು ಮತ್ತೆ ನೆಲಸಮ. ಈಗ ಒಂದೊಂದೇ ಕಟ್ಟಡ ಮತ್ತೆ ಎಬ್ಬಿಸುತ್ತಿದ್ದಾರೆ. ಹಾಗಾಗಿ ಆರುನೂರು ವರ್ಷದ್ದು ಅಂತ ಓದಿಕೊಂಡು ಹೋದವರಿಗೆ ಹೊಸ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಒಳಗೆ ಹೋಗಲು 3,000 ವೊನ್, ಅವರ ಸಾಂಪ್ರದಾಯಿಕ ಉಡುಪು ಹಾನ್‌ಬೊಕ್ ಹಾಕಿದ್ದರೆ ಪುಕ್ಕಟೆ. ಆ 3,000 ಉಳಿಸಲು ಜನ ಅದರ ಎಷ್ಟೋ ಪಟ್ಟು ಕೊಟ್ಟು ಬಟ್ಟೆ ಬಾಡಿಗೆಗೆ ತರುತ್ತಾರೆ. ಅಂಗಳದ ತುಂಬ ರಾಣಿಯರು, ಬಹಳಷ್ಟು ರಾಣಿಯರು ನಮ್ಮ ಹಾಗೆ ವಿಮಾನ ಇಳಿದು ಬಂದವರು, ಕಾಲಲ್ಲಿ ಸ್ಪೋರ್ಟ್ಸ್ ಶೂ.

ಅರಮನೆಯ ಮುಂದಿನ ಗ್ವಾಂಗ್‌ಹ್ವಾಮುನ್ ಹೆಬ್ಬಾಗಿಲ ಬೋರ್ಡನ್ನು ಮಾತ್ರ ತಲೆಯೆತ್ತಿ ನೋಡಿ. 2010ರಲ್ಲಿ ಹಾಕಿದ ಬೋರ್ಡು ಕೆಲವೇ ತಿಂಗಳಲ್ಲಿ ಬಿರುಕು ಬಿಟ್ಟಿತು. ಆಮೇಲೆ ಹಿನ್ನೆಲೆ ಬಿಳಿಯೋ ಕಪ್ಪೋ ಅಂತ ವರ್ಷಗಟ್ಟಲೆ ಚರ್ಚೆ ಎಳೆದು, ಹಳೇ ಫೋಟೋ ಎಲ್ಲ ತರಿಸಿ ನೋಡಿ, 2023ರಲ್ಲಿ ಕಪ್ಪು ಹಲಗೆಯ ಮೇಲೆ ಬಂಗಾರದ ಅಕ್ಷರ ಬಂತು. ಅಕ್ಷರ ಚೀನೀ ಲಿಪಿಯಲ್ಲಿದೆ. ಎದುರಿನ ಚೌಕದಲ್ಲಿ ಕೂತಿರುವವನು ಕೊರಿಯನ್ನರಿಗೆ ಸ್ವಂತ ಲಿಪಿ ಕೊಟ್ಟ ಸೇಜೋಂಗ್ ರಾಜ. 1446ರಲ್ಲಿ ಲಿಪಿ ಹೊರಡಿಸಿದವನ ಬೆನ್ನ ಹಿಂದೆಯೇ ಪರಲಿಪಿಯ ಬೋರ್ಡು! ನಮ್ಮ ಲಿಪಿಯಲ್ಲೇ ಇರಬೇಕು ಅನ್ನುವವರು ಅಲ್ಲೂ ಇದ್ದಾರೆ, ಜಗಳ ಇನ್ನೂ ಮುಗಿದಿಲ್ಲ. ಕನ್ನಡಿಗರಿಗೆ ಇದಕ್ಕಿಂತ ಪರಿಚಿತ ದೃಶ್ಯ ಸೋಲ್‌ನಲ್ಲಿ ಬೇರೆ ಸಿಗುವುದಿಲ್ಲ.

ನನ್ನ ಕೇಳಿದರೆ ಪಕ್ಕದ ಚಾಂಗ್‌ದೊಕ್‌ಗುಂಗ್ ಅರಮನೆಯೇ ವಾಸಿ. ಅದರ ಹಿಂದಿನ ತೋಟಕ್ಕೆ ಬೇರೆ ಟಿಕೆಟ್, ಏಪ್ರಿಲ್‌ನಲ್ಲಿ ಬೇಗ ಮುಗಿದುಹೋಗುತ್ತದೆ, ದಾರಿ ಏರಿಳಿತ ಇದೆ, ಮಂಡಿ ನೋಡಿಕೊಳ್ಳಿ. ಬುಕ್‌ಚೋನ್ ಅನ್ನುವ ಹಳೇ ಮನೆಗಳ ಕೇರಿಯಲ್ಲಿ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಪ್ರವಾಸಿಗಳ ಗಲಾಟೆ ತಡೆಯಲಾರದೆ ಅಲ್ಲಿಯ ಕೆಲವು ಬೀದಿಗಳಿಗೆ ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಪ್ರವಾಸಿಗರು ಬರಬಾರದು ಅಂತ ಮಾಡಿದ್ದಾರೆ, 2025ರ ಮಾರ್ಚ್‌ನಿಂದ ದಂಡವೂ ಇದೆ. ಬಾಗಿಲಲ್ಲಿ ಪಿಸುಮಾತಲ್ಲಿ ಮಾತಾಡಿ ಅಂತ ಬೋರ್ಡು, ಅದರ ಮುಂದೆ ನಿಂತು ಎಲ್ಲರೂ ಜೋರಾಗಿ ಓದುತ್ತಾರೆ.

ಅಮ್ಮನವರನ್ನು ಸಂಜೆ ಹೊತ್ತು ಚೊಂಗ್ಗೇಚೊನ್ ತೊರೆಯ ಪಕ್ಕ ಕೂರಿಸಿ. ನಗರದ ನಡುವೆ ಮೇಲ್ಸೇತುವೆ ಒಡೆದುಹಾಕಿ 2005ರಲ್ಲಿ ಮತ್ತೆ ಹರಿಸಿದ ನೀರು. ಪೂರ್ತಿ ಸಹಜ ಅಂದುಕೊಳ್ಳಬೇಡಿ, ಹಾನ್ ನದಿಯಿಂದ ಪಂಪ್ ಮಾಡಿ ಬಿಡುತ್ತಾರೆ. ಆದರೂ ಆಫೀಸು ಮುಗಿಸಿದವರು ಶೂ ಕಳಚಿ ಕಾಲು ಇಳಿಬಿಟ್ಟು ಕೂತಿರುತ್ತಾರೆ. ವೃಷಭಾವತಿ ದಡದಲ್ಲಿ ಮೂಗು ಮುಚ್ಚಿಕೊಂಡು ಓಡಾಡುವ ನಾನು ಅಲ್ಲಿ ಸುಮ್ನೆ ಒಂದು ಗಂಟೆ ಕೂತಿದ್ದೆ.

ಶಿಡ್ಲಘಟ್ಟ:

ಬಸವನಗುಡಿಯವರು ಒಂದು ಮುಖ್ಯ ವಿಷಯ ಬಿಟ್ಟಿದ್ದಾರೆ. ಸೋಲ್‌ನ ರಸ್ತೆ ಬದಿಯಲ್ಲಿ, ಪಾರ್ಕ್ ಬಾಗಿಲಲ್ಲಿ, ದೊಡ್ಡ ಪಾತ್ರೆಯಲ್ಲಿ ಏನೋ ಕುದಿಯುತ್ತಿರುತ್ತದೆ, ಪೇಪರ್ ಲೋಟಕ್ಕೆ ಹಾಕಿ ಕಡ್ಡಿ ಚುಚ್ಚಿ ಕೊಡುತ್ತಾರೆ. ಹೆಸರು ಬೊಂದೇಗಿ. ಜೊತೆಯಲ್ಲಿದ್ದ ಬೆಂಗಳೂರಿನ ಗೆಳೆಯರೆಲ್ಲ ಇದೇನು ಕಾಳು ಅಂತ ಬಗ್ಗಿ ನೋಡುತ್ತಿದ್ದರು. ನನಗೆ ಹತ್ತು ಮಾರು ದೂರದಿಂದಲೇ ಗೊತ್ತಾಯಿತು. ನಮ್ಮೂರಲ್ಲಿ ಹುಟ್ಟಿ ಬೆಳೆದವರಿಗೆ ಆ ವಾಸನೆ ಹೇಳಿಕೊಡಬೇಕಾಗಿಲ್ಲ. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುತ್ತದಲ್ಲ, ಅದೇ ರೇಷ್ಮೆ ಹುಳುವಿನ ಪ್ಯೂಪ. ನಮ್ಮ ಕಡೆ ಅದನ್ನು ಒಣಗಿಸಿ ಕೋಳಿ ಮೀನಿನ ಮೇವಿಗೆ ಕಳಿಸುತ್ತಾರೆ. ಅವರ ರೇಷ್ಮೆ ಕಾರ್ಖಾನೆಗಳು ಭರ್ಜರಿಯಾಗಿ ನಡೆಯುತ್ತಿದ್ದ ಕಾಲದಲ್ಲಿ ಅದೇ ಅಗ್ಗದ ತಿಂಡಿಯಾಯಿತು. ಈಗ ಡಬ್ಬಿಯಲ್ಲೂ ಬರುತ್ತದೆ.

ನಾನು ತಿಂದೆ. ಮೇಲೆ ಸ್ವಲ್ಪ ಗಟ್ಟಿ, ಕಚ್ಚಿದರೆ ಒಳಗಿಂದ ಉಪ್ಪುಪ್ಪು ರಸ, ಕಡಲೆಕಾಯಿಗೂ ಸೀಗಡಿಗೂ ನಡುವಿನ ರುಚಿ. ಅಂಗಡಿಯಮ್ಮನಿಗೆ ಫೋನಿನಲ್ಲಿದ್ದ ನಮ್ಮ ಗೂಡಿನ ಮಾರ್ಕೆಟ್ ಫೋಟೋ ತೋರಿಸಿದೆ. ಅವರು ಫೋಟೋ ನೋಡಿ, ನನ್ನ ನೋಡಿ, ಇನ್ನೊಂದು ಸೌಟು ಹಾಕಿದರು. ನಿಮ್ಮ ತಾಯಿಯವರಿಗೆ ಮಾತ್ರ ಇದು ಏನು ಅಂತ ಹೇಳಬೇಡಿ, ಕಾಫಿಬೀಜ ಅಂತ ಹೇಳಿ ಮುಂದಕ್ಕೆ ಕರೆದುಕೊಂಡು ಹೋಗಿ.

ದಾವಣಗೆರೆ, ಸುವಾನ್‌ನಲ್ಲಿ ಕೆಲಸಕ್ಕಿದ್ದವನು:

ಬಿಬಿಂಬಾಪ್ ಬಗ್ಗೆ ಮೇಲೆ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಕೆಲವು ಹೋಟೆಲುಗಳಲ್ಲಿ ಆ ಕೆಂಪು ಖಾರಕ್ಕೇ ಕೊಚ್ಚಿದ ದನದ ಮಾಂಸ ಹಾಕಿ ಹುರಿದಿರುತ್ತಾರೆ. ಜೊಂಜು ಊರಿನ ಹೆಸರಾಂತ ಬಿಬಿಂಬಾಪ್‌ಗೆ ಹಳೇ ಪದ್ಧತಿಯಲ್ಲಿ ಅನ್ನವನ್ನೇ ಮೂಳೆ ಸಾರಿನಲ್ಲಿ ಬೇಯಿಸುತ್ತಾರೆ. ಮೇಲಿನ ಮಾಂಸ ತೆಗೆಸಿದರೆ ಮುಗಿಯಿತು ಅಂದುಕೊಂಡರೆ ಕೆಟ್ಟಿರಿ. ಚೀಟಿಯಲ್ಲಿ ಅದನ್ನೂ ಬರೆಸಿ.

ನಾನು ಅಲ್ಲಿದ್ದಾಗ ಆಫೀಸಿನವರ ಜೊತೆ ರಾತ್ರಿ ಊಟಕ್ಕೆ ಹೋಗಲೇಬೇಕಾಗುತ್ತಿತ್ತು. ಮೇಜಿನ ನಡುವೆ ಒಲೆ, ಅದರ ಮೇಲೆ ಹಂದಿಮಾಂಸ. ಇವನು ಸಸ್ಯಾಹಾರಿ ಅಂತ ಎಲ್ಲರಿಗೂ ಕರುಣೆ. ನನಗಾಗಿ ಅಣಬೆ ತರಿಸಿ ಅದೇ ಕಾವಲಿಯ ಒಂದು ಮೂಲೆಗೆ ಪ್ರೀತಿಯಿಂದ ಜೋಡಿಸುತ್ತಿದ್ದರು. ಆ ಕಾವಲಿ ನೆಟ್ಟಗಿರುವುದಿಲ್ಲ, ಕೊಬ್ಬು ಇಳಿದುಹೋಗಲಿ ಅಂತ ಒಂದು ಕಡೆ ವಾಲಿಸಿರುತ್ತಾರೆ. ಅಣಬೆ ಇಡುವುದು ತಗ್ಗಿನ ಕಡೆ. ಹಂದಿಯ ಕೊಬ್ಬು ಸಣ್ಣ ಹೊಳೆಯಾಗಿ ಹರಿದು ಬಂದು ನನ್ನ ಅಣಬೆಯ ಸುತ್ತ ನಿಂತು ಚುರ್ ಅನ್ನುತ್ತಿತ್ತು. ಈಗ ತಿನ್ನು, ಚೆನ್ನಾಗಿ ಬೆಂದಿದೆ ಅಂತ ಮ್ಯಾನೇಜರೇ ಎತ್ತಿ ತಟ್ಟೆಗೆ ಹಾಕುತ್ತಿದ್ದರು. ಅದರ ನಂತರ ನಾನು ಹಸಿ ಲೆಟಿಸ್ ಎಲೆಯಲ್ಲಿ ಅನ್ನ, ಬೆಳ್ಳುಳ್ಳಿ, ಖಾರ ಸುತ್ತಿ ತಿನ್ನುವುದನ್ನು ಚೆನ್ನಾಗಿ ರೂಢಿಸಿಕೊಂಡೆ. ಜೊತೆಯಲ್ಲಿ ಹಿರಿಯರಿದ್ದರೆ ಅವರು ಚಮಚ ಎತ್ತುವವರೆಗೆ ಕಾಯಿರಿ. ಯಾರಾದರೂ ಏನಾದರೂ ಕೊಟ್ಟರೆ ಎರಡೂ ಕೈಯಲ್ಲಿ ತಗೊಳ್ಳಿ, ಸುರಿಯುವಾಗಲೂ ಎರಡು ಕೈ. ನಮ್ಮವರಿಗೆ ಇದೇನು ಕಷ್ಟವಲ್ಲ.

ಮನೆಯಿಂದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ. ಅಲ್ಲಿ ಹೆಜ್ಜೆಗೊಂದು ಕನ್ವೀನಿಯನ್ಸ್ ಸ್ಟೋರ್ ಇದೆ, ರಾತ್ರಿಯೆಲ್ಲ ತೆರೆದಿರುತ್ತದೆ. ಬೇಯಿಸಿದ ಅನ್ನ ಪ್ಲಾಸ್ಟಿಕ್ ಬಟ್ಟಲಲ್ಲಿ ಸೀಲ್ ಮಾಡಿ ಮಾರುತ್ತಾರೆ, ಅಲ್ಲೇ ಮೈಕ್ರೋವೇವ್, ಕೂರಲು ಜಾಗ. ಎರಡು ನಿಮಿಷದಲ್ಲಿ ಅಮ್ಮನವರಿಗೆ ಪುಳಿಯೋಗರೆ ತಯಾರ್. ಅನ್ನ ಅಂಟಂಟು, ಅದನ್ನು ಸಹಿಸಿಕೊಳ್ಳಬೇಕು. ಮೊಸರು ತಗೊಳ್ಳುವಾಗ ಹುಷಾರು, ಪ್ಲೇನ್ ಅಂತ ಬರೆದಿದ್ದರೂ ಎಷ್ಟೋ ಸಲ ಸಿಹಿ ಇರುತ್ತದೆ. ಮಾವಿನಹಣ್ಣು, ಹಸಿ ತರಕಾರಿ ಒಯ್ಯಬೇಡಿ, ಏರ್‌ಪೋರ್ಟಿನಲ್ಲೇ ತೆಗೆದುಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ಸ್ಟ್ರಾಬೆರಿ ಚೆನ್ನಾಗಿರುತ್ತದೆ, ಉಳಿದ ಹಣ್ಣಿನ ರೇಟು ನೋಡಿದರೆ ಎದೆ ಧಸಕ್ ಅನ್ನುತ್ತದೆ.

ಕಾಫಿ. ಅವರು ಚಳಿಗಾಲದಲ್ಲೂ ಐಸ್ ಹಾಕಿದ ಕರೀ ಕಾಫಿ ಕುಡಿಯುತ್ತಾರೆ, ಬಕೆಟ್ಟಿನಷ್ಟು ದೊಡ್ಡ ಲೋಟದಲ್ಲಿ. ಮೈಸೂರಿನವರಿಗೆ ಅದು ಶಿಕ್ಷೆ. ಹಾಲುಪುಡಿ, ಸಕ್ಕರೆ, ಕಾಫಿ ಮೂರೂ ಸೇರಿಸಿದ ಸಣ್ಣ ಉದ್ದನೆ ಪೊಟ್ಟಣ ಸಿಗುತ್ತದೆ, 1976ರಿಂದ ಅಲ್ಲಿ ಜನ ಕುಡಿಯುತ್ತಿದ್ದಾರೆ. ಅದನ್ನು ಅರ್ಧ ಲೋಟ ಬಿಸಿನೀರಿಗೆ ಹಾಕಿಕೊಳ್ಳಿ. ಫಿಲ್ಟರ್ ಕಾಫಿ ಅಲ್ಲ, ಆದರೆ ಬೆಳಗ್ಗೆ ಮನುಷ್ಯರ ಜೊತೆ ಮಾತಾಡುವಷ್ಟು ಶಕ್ತಿ ಬರುತ್ತದೆ.

ಓಡಾಟಕ್ಕೆ ಟಿ-ಮನಿ ಕಾರ್ಡ್ ಅದೇ ಸ್ಟೋರಿನಲ್ಲಿ ಸಿಗುತ್ತದೆ, ಬಸ್ಸು, ಮೆಟ್ರೊ ಎರಡಕ್ಕೂ ನಡೆಯುತ್ತದೆ. ದುಡ್ಡು ತುಂಬಿಸಲು ನಗದು ಇಟ್ಟುಕೊಳ್ಳಿ, ನಮ್ಮ ಕಾರ್ಡು ಕೆಲವು ಮೆಷಿನ್‌ಗಳಲ್ಲಿ ನಡೆಯುವುದಿಲ್ಲ. ಗೂಗಲ್ ಮ್ಯಾಪ್ ಅಲ್ಲಿ ನಡೆಯುವ ದಾರಿ ತೋರಿಸುತ್ತಿರಲಿಲ್ಲ, ನಕ್ಷೆಯ ವಿವರ ದೇಶದ ಹೊರಗೆ ಕೊಡಲು ಸರ್ಕಾರ ಒಪ್ಪಿರಲಿಲ್ಲ. ಅಲ್ಲಿಯವರದೇ ಆದ ನೇವರ್ ಮ್ಯಾಪ್ ಹಾಕಿಕೊಳ್ಳಿ. ಮೆಟ್ರೊದಲ್ಲಿ ಮೂಲೆಯ ಸೀಟುಗಳು ಹಿರಿಯರಿಗೆ, ರೈಲು ಕಿಕ್ಕಿರಿದಿದ್ದರೂ ಹುಡುಗರು ಅಲ್ಲಿ ಕೂರುವುದಿಲ್ಲ. ನಿಮ್ಮ ತ್ರಾಸು ಅರ್ಧ ಅಲ್ಲೇ ಕಡಿಮೆ. ಕಸದ ಬುಟ್ಟಿ ಮಾತ್ರ ಹುಡುಕಬೇಡಿ, ಸಿಗುವುದಿಲ್ಲ. 1995ರಿಂದ ಮನೆಯ ಕಸಕ್ಕೆ ಚೀಲದ ಲೆಕ್ಕದಲ್ಲಿ ದುಡ್ಡು ಕೊಡಬೇಕಾಗಿ ಬಂದ ಮೇಲೆ ಬೀದಿಯ ಬುಟ್ಟಿಗಳನ್ನು ತುಂಬಾ ಕಡಿಮೆ ಮಾಡಿದರು, ಇಲ್ಲದಿದ್ದರೆ ಜನ ಮನೆ ಕಸ ತಂದು ಅದರಲ್ಲಿ ಸುರಿಯುತ್ತಿದ್ದರು. ಆದರೂ ರಸ್ತೆ ಸ್ವಚ್ಛ. ನನ್ನ ಜಾಕೆಟ್ ಜೇಬು ಮಾತ್ರ ಸದಾ ಬಾಳೆಹಣ್ಣಿನ ಸಿಪ್ಪೆ.

ಸಮಯವಿದ್ದರೆ ಸುವಾನ್‌ಗೆ ಅರ್ಧ ದಿನ ಬನ್ನಿ, ಸೋಲ್‌ನಿಂದ ಮೆಟ್ರೊದಲ್ಲೇ ಬರಬಹುದು. 1794ರಿಂದ 1796ರವರೆಗೆ ಕಟ್ಟಿದ ಹ್ವಾಸೊಂಗ್ ಕೋಟೆ ಇದೆ. ಕೊರಿಯಾ ಯುದ್ಧದಲ್ಲಿ ತುಂಬಾ ಹಾಳಾಯಿತು. ಆದರೆ ಕಟ್ಟುವಾಗಲೇ ನಕ್ಷೆ, ಸಾಮಾನು, ಕೆಲಸಗಾರರ ಹೆಸರು, ಕೊಟ್ಟ ಕೂಲಿ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದರು, ಅದನ್ನು ನೋಡಿಕೊಂಡೇ ಮತ್ತೆ ಕಟ್ಟಿದರು. ಸಿವಿಲ್ ಇಂಜಿನಿಯರ್ ಆದ ನಮ್ಮ ಮಾವ ಬಂದಿದ್ದಾಗ ಇಷ್ಟು ಪ್ರಾಮಾಣಿಕ ಬಿಲ್ ಬುಕ್ ಇಟ್ಟವರು ಉದ್ಧಾರ ಆದರಾ ಅಂತ ಕೇಳಿದರು.

ಮಡಿಕೇರಿ:

ಗಡಿ ನೋಡಲು ಹೋಗಿ ಅಂತ ನಾನು ಹೇಳುತ್ತೇನೆ. ಉತ್ತರ ದಕ್ಷಿಣ ಕೊರಿಯಾ ನಡುವಿನ ಸೇನೆಯಿಲ್ಲದ ಗಡಿಪಟ್ಟಿ ಡಿಎಂಜೆಡ್‌ಗೆ ಸೋಲ್‌ನಿಂದ ಬಸ್ ಟೂರ್‌ಗಳಿವೆ, ಪಾಸ್‌ಪೋರ್ಟ್ ಕಡ್ಡಾಯ. ಬಾಗಿಲಲ್ಲೇ ಮಕ್ಕಳ ಆಟದ ಪಾರ್ಕು, ತೂಗುವ ಹಡಗು, ಐಸ್‌ಕ್ರೀಂ. ತಂತಿಬೇಲಿಯ ತುಂಡನ್ನು ಚೌಕಟ್ಟು ಹಾಕಿ ಮಾರುತ್ತಾರೆ. ಯುದ್ಧ ನಿಂತಿದೆ, ಮುಗಿದಿಲ್ಲ, ವ್ಯಾಪಾರ ಚೆನ್ನಾಗಿದೆ. ಉತ್ತರದವರು ಗುಟ್ಟಾಗಿ ಗಡಿಯ ಕೆಳಗೆ ತೋಡಿದ, 1978ರಲ್ಲಿ ಪತ್ತೆಯಾದ ಮೂರನೇ ಸುರಂಗಕ್ಕೆ ಇಳಿಸುತ್ತಾರೆ. ನೆಲದ ಕೆಳಗೆ 73 ಮೀಟರ್, ಎತ್ತರದವರು ಬಗ್ಗಿ ನಡೆಯಬೇಕು, ಹೆಲ್ಮೆಟ್ ಕೊಡುತ್ತಾರೆ, ಅದು ಬಂಡೆಗೆ ಟಕ್ ಟಕ್ ಬಡಿಯುತ್ತಿರುತ್ತದೆ. ಉತ್ತರದವರು ಇದು ದಾಳಿಗಲ್ಲ, ಕಲ್ಲಿದ್ದಲು ಗಣಿ ಅಂದರಂತೆ. ಗೋಡೆಗೆ ಕರಿ ಬಳಿದಿದ್ದಾರೆ, ಒಳಗಿರುವುದು ಗ್ರಾನೈಟ್. ಬೆರಳಲ್ಲಿ ಮುಟ್ಟಿ ನೋಡಿದೆ. ತಾಯಿಯವರನ್ನು ಸುರಂಗಕ್ಕೆ ಇಳಿಸಬೇಡಿ, ಮೇಲೆ ಹತ್ತುವುದು ತುಂಬಾ ಕಡಿದು. ದೂರದರ್ಶಕದಲ್ಲಿ ಆಚೆ ಕಡೆಯ 160 ಮೀಟರ್ ಎತ್ತರದ ಧ್ವಜಸ್ತಂಭ ಕಾಣುತ್ತದೆ. ಈಚೆಯವರದು ಸುಮಾರು 100. ಯಾರು ಮೊದಲು ಏರಿಸಿದರು, ಯಾರು ಜಿದ್ದಿಗೆ ಬಿದ್ದರು ಅನ್ನುವುದನ್ನು ಗೈಡ್ ಬಹಳ ಗಂಭೀರವಾಗಿ ಹೇಳಿದರು.

ನಾನು ಅಷ್ಟು ದೂರ ಹೋದದ್ದಕ್ಕೆ ಬೇರೆ ಕಾರಣವಿತ್ತು. 1953ರಲ್ಲಿ ಕದನ ನಿಂತಾಗ, ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಪ್ರಶ್ನೆ ಉಳಿಯಿತು. ಅದನ್ನು ಬಿಡಿಸಲು ಐದು ತಟಸ್ಥ ದೇಶಗಳ ಆಯೋಗ ಮಾಡಿದರು, ಅಧ್ಯಕ್ಷರು ನಮ್ಮ ಊರಿನ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯನವರು. ಕೈದಿಗಳನ್ನು ಕಾಯಲು ಭಾರತದ ಸೈನಿಕರೇ ಹೋದರು. ಭಾರತೀಯರು ತನ್ನ ನೆಲದ ಮೇಲೆ ಕಾಲಿಡಬಾರದು ಅಂತ ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ ಹಠ ಹಿಡಿದ. ಹಾಗಾಗಿ ಅವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ಗಡಿಪಟ್ಟಿಯ ಒಳಗೇ ಇಳಿಸಿದರು. ಎರಡೂ ಕಡೆಯೂ ಬೇಡ ಅಂದ 88 ಕೈದಿಗಳು 1954ರಲ್ಲಿ ನಮ್ಮ ಸೈನಿಕರ ಜೊತೆ ಭಾರತಕ್ಕೇ ಬಂದರು. ಆಗ ಇಳಿಯಲು ಬಿಡದವರು ಈಗ ನನಗೆ ವೀಸಾ ಕೊಟ್ಟು, ಬಸ್ಸಿನಲ್ಲಿ ಕೂರಿಸಿ ತೋರಿಸಿದರು. ಸೋಲ್‌ನ ಯೋಂಗ್‌ಸಾನ್‌ನಲ್ಲಿರುವ ಯುದ್ಧ ಸ್ಮಾರಕ ಸಂಗ್ರಹಾಲಯದಲ್ಲಿ ವೈದ್ಯಕೀಯ ನೆರವು ಕೊಟ್ಟ ದೇಶಗಳ ಜೊತೆ ಭಾರತದ ಹೆಸರಿದೆ. ಪ್ರವೇಶ ಉಚಿತ, ಲಿಫ್ಟ್ ಇದೆ, ತಾಯಿಯವರಿಗೆ ಗಡಿಗಿಂತ ಇದೇ ಅನುಕೂಲ.

ಹುಬ್ಬಳ್ಳಿ:

ನನಗೆ ಅಷ್ಟೇನೂ ಹಿಡಿಸಲಿಲ್ಲ, ಹೇಳಿಬಿಡುತ್ತೇನೆ. ಎಲ್ಲಿ ನೋಡಿದರೂ ಒಂದೇ ಅಚ್ಚಿನ ಅಪಾರ್ಟ್‌ಮೆಂಟ್, ಗೋಡೆ ಮೇಲೆ 101, 102 ಅಂತ ದೊಡ್ಡ ನಂಬರು. ಉಳಿದ ಜಾಗದಲ್ಲಿ ಕೆಫೆ ಮತ್ತು ಮುಖಕ್ಕೆ ಹಚ್ಚುವ ಕ್ರೀಮಿನ ಅಂಗಡಿ. ಗ್ಯೋಂಗ್ಜು ಊರಿನ ಏಳನೇ ಶತಮಾನದ ನಕ್ಷತ್ರ ವೀಕ್ಷಣಾಲಯ ಅಂತ ಬುಲೆಟ್ ರೈಲು ಹತ್ತಿ ಹೋದೆ, 9 ಮೀಟರ್ ಎತ್ತರದ ಕಲ್ಲಿನ ಗೋಪುರ, ಸುತ್ತ ಬೇಲಿ, ಬೇಲಿಯ ಸುತ್ತ ನಾವು. ಬೆಟ್ಟದ ಮೇಲಿನ ಸೊಕ್ಕುರಾಮ್ ಬುದ್ಧ ನಿಜಕ್ಕೂ ದೊಡ್ಡ ಕೆಲಸ, ಆದರೆ ಗಾಜಿನ ಆಚೆ. ಬಾದಾಮಿ ಗುಹೆಯೊಳಗೆ ಅಡ್ಡಾಡಿ ಬೆಳೆದವರಿಗೆ ಗಾಜು ಚುಚ್ಚುತ್ತದೆ. ಅದೇ ಊರಲ್ಲಿ ಹುಲ್ಲು ಹೊದ್ದ ರಾಜರ ಗೋರಿಗಳು ಮಾತ್ರ ಇಷ್ಟವಾದವು. ಮನೆಗಳ ನಡುವೆ, ಪಾರ್ಕಿಂಗ್ ಪಕ್ಕ, ಎಲ್ಲೆಂದರಲ್ಲಿ ದುಂಡನೆ ಹಸಿರು ದಿಬ್ಬ, ಜನ ಸುಮ್ನೆ ಸೈಕಲ್ ಹೊಡೆಯುತ್ತಿರುತ್ತಾರೆ. ಮಗಳಿಗೆ ಬೇಕಾದದ್ದು ಸೋಲ್‌ನಲ್ಲಿದೆ, ಅಮ್ಮನಿಗೆ ಬೇಕಾದದ್ದು ಎಲ್ಲಿದೆ ನೋಡಿಕೊಳ್ಳಿ.

ಮಲ್ಲೇಶ್ವರಂ, ಬೆಂಗಳೂರು:

ಅಮ್ಮನಿಗೆ ಬೇಕಾದದ್ದು ನಾನು ಹೇಳುತ್ತೇನೆ ಅಕ್ಕ. ಸ್ನಾನ! ಅಲ್ಲಿ ಜಿಮ್‌ಜಿಲ್‌ಬಾಂಗ್ ಅಂತ ಸಾರ್ವಜನಿಕ ಬಿಸಿನೀರಿನ ಮನೆಗಳಿವೆ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಒಳಗೆ ಮೈಮೇಲೆ ಒಂದು ನೂಲೂ ಇರಬಾರದು, ಇದು ಮೊದಲೇ ಗೊತ್ತಿರಲಿ. ಐದು ನಿಮಿಷ ಗೋಡೆ ನೋಡಿಕೊಂಡು ನಿಂತಿರುತ್ತೀರಿ. ಆಮೇಲೆ ಸುತ್ತ ಅಜ್ಜಿಯರು, ಸೊಸೆಯರು, ಮಕ್ಕಳು ಪುಟ್ಟ ಸ್ಟೂಲಿನ ಮೇಲೆ ಕೂತು ಒಬ್ಬರ ಬೆನ್ನು ಒಬ್ಬರು ಉಜ್ಜುತ್ತಾ ಮನೆ ಮಾತಾಡುತ್ತಿರುವುದು ಕಾಣುತ್ತದೆ, ನಿಮ್ಮ ಕಡೆ ಯಾರೂ ನೋಡುತ್ತಿಲ್ಲ ಅನ್ನುವುದೂ ಗೊತ್ತಾಗುತ್ತದೆ.

ಬೇರೆ ದುಡ್ಡು ಕೊಟ್ಟರೆ ಮೈ ಉಜ್ಜುವವರು ಇರುತ್ತಾರೆ. ಕಪ್ಪು ಒಳಉಡುಪು ಹಾಕಿದ ಗಟ್ಟಿಮುಟ್ಟಾದ ಹೆಂಗಸು ಪ್ಲಾಸ್ಟಿಕ್ ಹೊದಿಸಿದ ಮಂಚದ ಮೇಲೆ ಮಲಗಿಸಿ, ಮೈಮೇಲೆ ಬಿಸಿನೀರು ಎರಚಿ, ಕೈಗೆ ಒರಟು ಬಟ್ಟೆಯ ಚೀಲ ಹಾಕಿಕೊಂಡು ಶುರು ಮಾಡುತ್ತಾಳೆ. ನಾನು ದಿನಾ ಸ್ನಾನ ಮಾಡುವವಳು, ಎರಡು ಹೊತ್ತು. ಐದು ನಿಮಿಷದಲ್ಲಿ ನನ್ನ ಮೈಯಿಂದ ಬೂದು ಬಣ್ಣದ ಶಾವಿಗೆ ಉದುರತೊಡಗಿತು. ಆಕೆ ಒಂದು ಎಳೆ ಎತ್ತಿ ನನಗೆ ತೋರಿಸಿ ತಲೆ ಅಲ್ಲಾಡಿಸಿದಳು. ತೊಡೆಗೆ ಒಂದು ಏಟು ಬಿದ್ದರೆ ಮಗ್ಗುಲು ತಿರುಗು ಅಂತ ಅರ್ಥ. ಮುಗಿಸಿ ಎದ್ದಾಗ ಮೈ ಮಗುವಿನ ಕೆನ್ನೆಯಾಗಿತ್ತು, ಆತ್ಮಗೌರವ ಚರಂಡಿಗೆ ಹೋಗಿತ್ತು.

ಆಮೇಲೆ ಅವರೇ ಕೊಡುವ ಟೀಶರ್ಟ್ ಚಡ್ಡಿ ಹಾಕಿಕೊಂಡು, ಎಲ್ಲರೂ ಸೇರುವ ಬೆಚ್ಚಗಿನ ಹಾಲ್‌ನಲ್ಲಿ ನೆಲದ ಮೇಲೆ ಉರುಳಬಹುದು. ಉಪ್ಪಿನ ಕೋಣೆ, ಮಣ್ಣಿನ ಕೋಣೆ, ಮಂಜಿನ ಕೋಣೆ ಅಂತ ಇರುತ್ತವೆ. ಅಕ್ಕಿಯಿಂದ ಮಾಡಿದ ತಣ್ಣನೆ ಸಿಹಿ ಪಾನಕ ಸಿಕ್ಹೇ ಸಿಗುತ್ತದೆ, ನಿಮ್ಮ ಅಮ್ಮ ಯೋಚನೆ ಮಾಡದೆ ಕುಡಿಯಬಹುದು. ಮಂಡಿಗೆ ಆ ಬಿಸಿನೆಲದಷ್ಟು ಹಿತ ಬೇರೆ ಇಲ್ಲ. ಬಿಪಿ ಇದ್ದರೆ ಡಾಕ್ಟರನ್ನು ಕೇಳಿ ಹೋಗಿ, ತುಂಬಾ ಬಿಸಿ ಕೋಣೆಗೆ ಹೋಗಬೇಡಿ.

ಮೈಸೂರಿನಿಂದ ಮತ್ತೆ:

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಅಮ್ಮನಿಗೆ ಎಲ್ಲ ಓದಿ ಹೇಳಿದೆ, ರೇಷ್ಮೆ ಹುಳು ಬಿಟ್ಟು. ನಾನು ಅಂದುಕೊಂಡದ್ದೇ ಬೇರೆ. ಉಜ್ಜುವ ಸ್ನಾನಕ್ಕೆ ಅಮ್ಮ ಒಂದು ಕಾಲ ಮೇಲೆ ತಯಾರಾಗಿ ನಿಂತಿದ್ದಾರೆ, ಈ ಕಾಲದವರಿಗೆ ಮೈ ಉಜ್ಜಿಕೊಳ್ಳಲು ಬರುವುದಿಲ್ಲ ಅಂತ ಮೊದಲಿಂದಲೂ ಅವರ ದೂರು. ಮಗಳು ಪ್ರಾಣ ಹೋದರೂ ಬರುವುದಿಲ್ಲ ಅಂತಾಳೆ. ಸುರಂಗ ಬಿಟ್ಟೆವು, ಮ್ಯೂಸಿಯಂ ಇಟ್ಟುಕೊಂಡೆವು. ಇನ್ನೊಂದೇ ಪ್ರಶ್ನೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ, ಮೀನಿನ ಭಯವಿಲ್ಲದ ಒಂದು ಬಿಸಿಯೂಟ ಅಲ್ಲಿ ಎಲ್ಲಾದರೂ ಸಿಗುತ್ತದಾ? ವಾರವೆಲ್ಲ ಪುಳಿಯೋಗರೆ ಅಂದರೆ ಅಮ್ಮ ಏನೂ ಅನ್ನುವುದಿಲ್ಲ, ನಾನೇ ಅಳುತ್ತೇನೆ.

ಉಡುಪಿ:

ಸಿಗುತ್ತದೆ ಮೇಡಂ, ಬೌದ್ಧ ಮಠದ ಊಟ. ಅಲ್ಲಿಯ ಭಿಕ್ಷುಗಳು ಮಾಂಸ, ಮೀನು ಮುಟ್ಟುವುದಿಲ್ಲ. ಅದರ ಜೊತೆ ಐದು ಘಾಟು ಪದಾರ್ಥ ಅಡುಗೆಮನೆಗೇ ಬರುವಂತಿಲ್ಲ. ಬೆಳ್ಳುಳ್ಳಿ, ಈರುಳ್ಳಿಸೊಪ್ಪು, ಅದೇ ಜಾತಿಯ ಇನ್ನೆರಡು ಸೊಪ್ಪು, ಐದನೆಯದು ಇಂಗು! ನಮ್ಮ ಮನೆಗಳಲ್ಲಿ ಈರುಳ್ಳಿ ಬಿಟ್ಟವರು ಇಂಗನ್ನು ಹಿಡಿದುಕೊಂಡಿದ್ದೇವೆ, ಅವರು ಅದನ್ನೂ ಬಿಟ್ಟಿದ್ದಾರೆ. ನಮ್ಮ ಅತ್ತೆಗೆ ಈ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ, ಆಮೇಲೆ, ಹಾಗಾದರೆ ಸಾರಿಗೆ ಏನು ಹಾಕುತ್ತಾರೆ ಅಂತ ಕೇಳಿದರು. ಅಣಬೆ, ಸಮುದ್ರದ ಪಾಚಿ, ಸೋಯಾ ಹುಳಿ ಬರಿಸಿದ ಹಿಟ್ಟು, ಎಳ್ಳಿನ ಪುಡಿ. ಕಿಮ್ಚಿಯನ್ನೂ ಸೀಗಡಿ ಇಲ್ಲದೆ ಮಾಡುತ್ತಾರೆ. ಖಾರ ಕಡಿಮೆ, ರುಚಿ ತಡವಾಗಿ ಗೊತ್ತಾಗುತ್ತದೆ.

ಸೋಲ್‌ನ ನಡುವೆ ಜೊಗ್ಯೇಸಾ ಅನ್ನುವ ದೊಡ್ಡ ದೇವಸ್ಥಾನವಿದೆ. ಅದರ ಎದುರಿಗೇ ಆ ಪಂಥದವರೇ ನಡೆಸುವ ಬಾಲು ಗೊಂಗ್ಯಾಂಗ್ ಅನ್ನುವ ಹೋಟೆಲ್. ಒಂದಾದ ಮೇಲೊಂದು ಸಣ್ಣ ಸಣ್ಣ ಬಟ್ಟಲಲ್ಲಿ ಬಡಿಸುತ್ತಾರೆ. ಕಮಲದ ದಂಟು, ಕರಿದ ಅಣಬೆ, ಎಲೆಯಲ್ಲಿ ಸುತ್ತಿದ ಅನ್ನ, ಕೊನೆಗೆ ಚಹಾ. ಬೆಲೆ ಕೇಳಿ ಬೆಚ್ಚಬೇಡಿ, ಒಂದು ಹೊತ್ತಿಗೆ ಮಾತ್ರ ಇಟ್ಟುಕೊಳ್ಳಿ. ಮಗಳಿಗೆ ಅಲ್ಲಿಂದ ಹೊರಗೆ ಬಂದ ಮೇಲೆ ಕೋಳಿ ಕೊಡಿಸಬೇಕಾಗುತ್ತದೆ, ಅದಕ್ಕೂ ತಯಾರಿರಿ.

ಊಟದ ಜೊತೆ ಒಂದು ರಾತ್ರಿ ಮಠದಲ್ಲೇ ಉಳಿಯುವ ಏರ್ಪಾಡು ದೇಶದ ತುಂಬ ಇದೆ, ಟೆಂಪಲ್‌ಸ್ಟೇ ಅಂತ ಹುಡುಕಿದರೆ ಇಂಗ್ಲಿಷ್‌ನಲ್ಲಿ ಬುಕ್ ಮಾಡಬಹುದು. ನಸುಕಿನಲ್ಲಿ ನಾಲ್ಕಕ್ಕೆಲ್ಲ ಎಬ್ಬಿಸುತ್ತಾರೆ, ಅಮ್ಮನವರಿಗೆ ಅದು ಅಭ್ಯಾಸ ಇರುತ್ತದೆ, ಕಷ್ಟ ನಿಮಗೆ. ಊಟ ಮೌನವಾಗಿ, ತಟ್ಟೆಯಲ್ಲಿ ಒಂದು ಅಗುಳೂ ಬಿಡುವಂತಿಲ್ಲ. ಕೆಲವು ಕಡೆ ಕಡೆಗೆ ಬಟ್ಟಲಿಗೆ ನೀರು ಹಾಕಿ, ಉಳಿಸಿಟ್ಟ ಮೂಲಂಗಿ ತುಂಡಲ್ಲಿ ತಿಕ್ಕಿ, ಆ ನೀರನ್ನೂ ಕುಡಿಸುತ್ತಾರೆ. 108 ನಮಸ್ಕಾರ ಇರುತ್ತದೆ, ಮಂಡಿನೋವು ಅಂತ ಮೊದಲೇ ಹೇಳಿದರೆ ಕೂತುಕೊಳ್ಳಲು ಬಿಡುತ್ತಾರೆ.

ದಿನ ಜೋಡಿಸುವಾಗ ಇಷ್ಟು ನೋಡಿಕೊಳ್ಳಿ. ಗ್ಯೋಂಗ್‌ಬೊಕ್‌ಗುಂಗ್ ಮಂಗಳವಾರ ರಜೆ. ಚಾಂಗ್‌ದೊಕ್‌ಗುಂಗ್, ಯುದ್ಧ ಸ್ಮಾರಕ, ಗಡಿಯ ಟೂರ್ ಮೂರಕ್ಕೂ ಸೋಮವಾರ ರಜೆ. ಸ್ನಾನದ ಮನೆಗೆ ಹೆಚ್ಚಿನ ಕಡೆ ರಜೆಯಿಲ್ಲ, ಅದನ್ನು ಸೋಮವಾರಕ್ಕೆ ಹಾಕಿ. ವೀಸಾ ಈಗಲೇ ಶುರು ಮಾಡಿ, ನಮಗೆ ಅಲ್ಲಿ ಇಳಿದ ಮೇಲೆ ಕೊಡುವುದಿಲ್ಲ. ಚೆರ್ರಿ ಹೂವು ಬೇಕು ಅಂತ ಮಗಳು ಹೇಳುತ್ತಾಳೆ, ಅದು ಸೋಲ್‌ನಲ್ಲಿ ಏಪ್ರಿಲ್ ಮೊದಲ ವಾರದ ಆಸುಪಾಸು, ಒಂದು ಮಳೆ ಬಂದರೆ ಎಲ್ಲ ನೆಲಕ್ಕೆ. ಬೆಳಗ್ಗೆ ಚಳಿ ಇರುತ್ತದೆ, ಅಮ್ಮನವರಿಗೆ ಸ್ವೆಟರ್ ಮತ್ತು ಕಾಲುಚೀಲ ಇಡಿ. ಹೋಟೆಲ್, ಮಠ, ಹಳೇ ಮನೆ ಎಲ್ಲ ಕಡೆ ಚಪ್ಪಲಿ ಬಿಚ್ಚಿ ಹಾಕಿಕೊಳ್ಳುವುದೇ ಕೆಲಸ, ಲೇಸ್ ಇಲ್ಲದ ಶೂ ತಗೊಳ್ಳಿ.